ಕೆಳಗಿಂದ ತೆಗೆದ ಆರು ಸಾಲು

2019ರ ಮಾರ್ಚ್ 11, ಸೋಮವಾರ, ರಾಣೆಬೆನ್ನೂರಿನ ಒಂದು ಆಫ್‌ಸೆಟ್ ಪ್ರೆಸ್ಸಿನಲ್ಲಿ ನನ್ನ ಅಕ್ಕ ತಯಾರಿಸಿದ ಆಟವೊಂದರ ನಿಯಮದ ಹಾಳೆ ಅಚ್ಚಾಯಿತು. ಹಾಳೆಯಲ್ಲಿ ಕೊನೆಯ ಪ್ಯಾರಾ ಇರಲಿಲ್ಲ. ಅದರಲ್ಲಿದ್ದದ್ದು ಆರು ಸಾಲು. ಆಟ ಹೇಗೆ ಮುಗಿಯುತ್ತದೆ ಎಂಬುದು ಆ ಆರು ಸಾಲಿನಲ್ಲಿತ್ತು. ತೆಗೆಯಲು ಹೇಳಿದವನು ನಾನು.

ನಾನು ಆಗ ಹಾವೇರಿಯಲ್ಲಿ ಒಂದು ದಿನಪತ್ರಿಕೆಯ ಜಿಲ್ಲಾ ಕಚೇರಿಯಲ್ಲಿದ್ದೆ. ಈಗಲೂ ಅಲ್ಲೇ ಇದ್ದೇನೆ. ಅಕ್ಕ ಬ್ಯಾಡಗಿಯಲ್ಲಿ ಇರುತ್ತಾಳೆ. ಅವಳ ಗಂಡನ ಮನೆಯವರದು ಒಣಮೆಣಸಿನಕಾಯಿ ವ್ಯಾಪಾರ. ಆ ಮನೆಯ ರಸ್ತೆ ಬದಿಯ ಕೋಣೆಯಲ್ಲಿ ಅವಳು ಆಟಗಳ ಪ್ರಕಾಶನ ಶುರು ಮಾಡಿದಳು. ಪ್ರಕಾಶನ ಎಂದರೆ ಒಂದು ಮೇಜು, ಒಂದು ಕಪಾಟು, ಮತ್ತು ಕೆಲಸ ಹಂಚಿಕೊಂಡ ಮೂರು ಊರು. ಆಟದ ಹಾಸು ಬಟ್ಟೆಯದು. ಅದನ್ನು ಹೊಲಿಯುವ ಹೆಣ್ಣುಮಗಳು ಬ್ಯಾಡಗಿಯವಳೇ. ಕಾಯಿಗಳನ್ನು ಕಡೆದು ಕೆಂಪು ಬಣ್ಣ ಹಾಕುವ ಬಡಿಗರು ಮತ್ತು ಪ್ರೆಸ್ಸು ಇದ್ದದ್ದು ರಾಣೆಬೆನ್ನೂರಿನಲ್ಲಿ. ಪೆಟ್ಟಿಗೆ ಮಾಡಿಕೊಡುವವರು ಹಾವೇರಿಯಲ್ಲಿ ಪೇಡೆ ಡಬ್ಬಿ ಮಾಡುವವರು. ಮೊದಲ ಪೆಟ್ಟಿಗೆಗಳ ಒಳಮುಚ್ಚಳದಲ್ಲಿ ಯಾವುದೋ ಸ್ವೀಟ್ ಅಂಗಡಿಯ ಹೆಸರು ಅರ್ಧ ಉಳಿದಿತ್ತು.

ಪ್ರಕಾಶನದಿಂದ ಬಂದ ಮೊದಲ ಆಟ ಇದು. ಇದಲ್ಲದೆ ಇನ್ನೊಂದು ಆಟ ಬರಲಿಲ್ಲ. ಅದರ ಹೆಸರು ‘ರಾಶಿ’.

ಆಟ ಎಲ್ಲಿಂದ ಬಂತು ಎಂಬುದನ್ನು ಅಕ್ಕ ಬಹಳ ಸಲ ಹೇಳಿದ್ದಾಳೆ. ಮದುವೆಯಾಗಿ ಹೋದ ಮೊದಲ ವರ್ಷ, ಮೆಣಸಿನಕಾಯಿ ಸುಗ್ಗಿಯಲ್ಲಿ, ಮನೆಯ ಹಿಂದಿನ ಗೋದಾಮಿನಲ್ಲಿ ಹತ್ತು ಹನ್ನೆರಡು ಹೆಣ್ಣುಮಕ್ಕಳು ತೊಟ್ಟು ಬಿಡಿಸುತ್ತಿದ್ದರು. ಒಬ್ಬೊಬ್ಬರ ಮುಂದೆ ಒಂದೊಂದು ರಾಶಿ. ಎಲ್ಲರೂ ಒಂದೇ ಹಳ್ಳಿಯವರು, ಒಂದೇ ಟಂಟಂ ಆಟೋದಲ್ಲಿ ಬಂದು ಹೋಗುವವರು. ಅಕ್ಕನಿಗೆ ಹೊಸ ಊರು, ಮಾತಾಡಲು ಯಾರೂ ಇಲ್ಲ. ಅವಳೂ ಒಂದು ದಿನ ಹೋಗಿ ಅವರ ಸಾಲಿನಲ್ಲಿ ಕುಳಿತಳು. ಒಂದು ರಾಶಿ ಎಳೆದುಕೊಂಡಳು. ಕೆಮ್ಮು ಬಂತು, ಕಣ್ಣು ಉರಿಯಿತು, ಬೆರಳ ಸಂದಿಯೆಲ್ಲ ಉರಿ. ಸಂಜೆಗೆ ಉಳಿದವರ ರಾಶಿ ಮುಗಿದಾಗ ಅವಳದು ಅರ್ಧವೂ ಕರಗಿರಲಿಲ್ಲ. ಆಗ ಒಬ್ಬಳು ತನ್ನ ಮಣೆ ಎತ್ತಿಕೊಂಡು ಬಂದು ಅಕ್ಕನ ರಾಶಿಯ ಪಕ್ಕ ಕುಳಿತಳು. ಹಿಂದೆಯೇ ಇನ್ನೊಬ್ಬಳು. ಆಮೇಲೆ ಎಲ್ಲರೂ. ಸ್ವಲ್ಪ ಹೊತ್ತಿನಲ್ಲಿ ರಾಶಿ ಮುಗಿಯಿತು, ಎಲ್ಲರೂ ಒಟ್ಟಿಗೆ ಎದ್ದು ಸೀರೆ ಕೊಡವಿದರು.

“ಒಬ್ರೂ ನನ್ನ ಬಿಟ್ಟು ಏಳಲಿಲ್ಲ ನೋಡು ತಮ್ಮಾ,” ಎನ್ನುತ್ತಿದ್ದಳು ಅಕ್ಕ. “ಆ ಊರಾಗ ನಾ ಇರತೇನಿ ಅಂತ ನನಗ ಅವತ್ತ ಅನಿಸಿದ್ದು.”

ಹದಿನೈದು ವರ್ಷದ ನಂತರ ಅದನ್ನೇ ಅವಳು ಆಟ ಮಾಡಿದಳು. ನಾಲ್ಕು ಜನ ಆಡಬೇಕು. ಹಾಸಿನ ನಾಲ್ಕು ಮೂಲೆಯಲ್ಲಿ ಕೆಂಪು ಕಾಯಿಗಳ ನಾಲ್ಕು ರಾಶಿ. ಕವಡಿ ಎಸೆದು, ಬಿದ್ದಷ್ಟು ಮನೆ ನಡೆದು, ಅಷ್ಟೇ ಕಾಯಿಯನ್ನು ರಾಶಿಯಿಂದ ತೆಗೆದು ಚೀಲಕ್ಕೆ ಹಾಕಬೇಕು. ನಡುವೆ ಅಡ್ಡಿಯ ಮನೆಗಳು: ಕೆಮ್ಮು ಬಂದ ಮನೆ, ನೀರು ಕುಡಿಯಲು ಎದ್ದ ಮನೆ, ಕೂಸು ಅತ್ತ ಮನೆ. ಒಂದು ಹಳದಿ ಕಾಯಿ, ಅದು ಸೂರ್ಯ. ಎಲ್ಲರ ಸರದಿ ಒಂದು ಸುತ್ತು ಮುಗಿದಾಗ ಅದು ಹಾಸಿನ ಅಂಚಿನಲ್ಲಿ ಒಂದು ಮನೆ ಮುಂದೆ ಹೋಗುತ್ತದೆ. ಹಾಸಿನ ನಡುವೆ ಒಂದು ಟಂಟಂ ಚಿತ್ರ.

ಹಾಳೆಯಿಂದ ಹೋದ ಆರು ಸಾಲು ಇವು: ‘ರಾಶಿ ಮುಗಿಸಿದವರು ಏಳಬಾರದು. ಎಲ್ಲರಿಗಿಂತ ದೊಡ್ಡ ರಾಶಿ ಉಳಿದವರ ಪಕ್ಕಕ್ಕೆ ಹೋಗಿ ಕೂಡಬೇಕು. ತಮ್ಮ ಸರದಿಯ ಕವಡಿಯನ್ನು ಅವರಿಗಾಗಿ ಎಸೆಯಬೇಕು. ಕೊನೆಯ ರಾಶಿ ಮುಗಿದಾಗ ನಾಲ್ವರೂ ಒಟ್ಟಿಗೆ ಏಳಬೇಕು. ಸೂರ್ಯ ಮುಳುಗುವುದರೊಳಗೆ ಎದ್ದರೆ ನಾಲ್ವರೂ ಗೆದ್ದಂತೆ. ಇಲ್ಲವಾದರೆ ನಾಲ್ವರೂ ಸೋತಂತೆ.’

ಇವನ್ನು ಟೈಪ್ ಮಾಡಿದವನೂ ನಾನೇ. ಅಕ್ಕ ಹೇಳುತ್ತ ಹೋದಳು, ನಾನು ಬರೆದುಕೊಂಡೆ. ಹಾವೇರಿಯ ನಮ್ಮ ಮನೆಯಲ್ಲಿ ಅವ್ವ, ಅಕ್ಕ, ನನ್ನ ಹೆಂಡತಿ, ನಾನು ಎಷ್ಟೋ ಭಾನುವಾರ ಆ ಆಟ ಆಡಿದ್ದೆವು. ನಿಯಮಗಳೆಲ್ಲ ನನಗೆ ಬಾಯಿಪಾಠವಿತ್ತು.

ಮಾರ್ಚ್ 10ರ ಭಾನುವಾರ ಲೋಕಸಭಾ ಚುನಾವಣೆಯ ದಿನಾಂಕ ಪ್ರಕಟವಾಯಿತು. ಮರುದಿನ ಬೆಳಿಗ್ಗೆ ನಾನು ನೀತಿಸಂಹಿತೆಯ ವರದಿ ಬರೆಯುತ್ತಿದ್ದೆ. ಪ್ರೆಸ್ಸಿನವರ ಫೋನ್ ಬಂತು.

“ಸರ, ನಿಮ್ಮ ಅಕ್ಕಾರ ಹಾಳಿ ಒಂದ ಮಗ್ಗಲದಾಗ ಹಿಡಸವಲ್ದು. ಅವರಿಗೆ ಫೋನ್ ಹಚ್ಚಿದೆ, ಎತ್ತವಲ್ರು. ಏನ್ ಮಾಡ್ಲಿ?”

“ಅಕ್ಷರ ಸಣ್ಣ ಮಾಡ್ರಿ.”

“ಮಾಡೇನ್ರಿ. ಇನ್ನ ಸಣ್ಣ ಮಾಡಿದ್ರ ದುರ್ಬೀನ ಕೊಡಬೇಕಾಕ್ಕೇತಿ. ಒಂದು ಪ್ಯಾರಾ ತಗದ್ರ ಕರೆಕ್ಟ್ ಕುಂದರತೈತಿ. ಲಗೂ ಹೇಳ್ರಿ, ಇಲ್ಲೆ ಎಲೆಕ್ಷನ್ ಕೆಲಸ ಬಂದು ನಿಂತಾವು.”

“ಕೆಳಗಿಂದ ತಗೀರಿ,” ಎಂದೆ.

ಸುದ್ದಿಮನೆಯಲ್ಲಿ ಜಾಗ ಸಾಲದಿದ್ದರೆ ಸುದ್ದಿಯನ್ನು ಕೆಳಗಿಂದ ಕತ್ತರಿಸುತ್ತೇವೆ. ಮುಖ್ಯವಾದದ್ದು ಮೇಲೆ ಇರುತ್ತದೆ, ಕೊನೆಯ ಪ್ಯಾರಾ ಹೋದರೂ ಸುದ್ದಿ ಉಳಿಯುತ್ತದೆ. ವರದಿ ಬರೆಯುವವನೂ ಹಾಗೆ ತಿಳಿದೇ ಬರೆಯುತ್ತಾನೆ. ಇಪ್ಪತ್ತು ವರ್ಷದಿಂದ ದಿನಕ್ಕೆ ಎಷ್ಟು ಸಲ ‘ಕೆಳಗಿಂದ ತೆಗೆಯಿರಿ’ ಎಂದಿದ್ದೇನೋ ನನಗೆ ಗೊತ್ತಿಲ್ಲ. ಆ ಪ್ಯಾರಾದಲ್ಲಿ ಏನಿದೆ ಎಂದು ಕೇಳಲಿಲ್ಲ. ಫೋನ್ ಇಟ್ಟು ನೀತಿಸಂಹಿತೆಗೆ ಮರಳಿದೆ. ಊಟದ ಹೊತ್ತಿಗೆ ಆ ಫೋನ್ ಬಂದದ್ದೇ ಮರೆತಿತ್ತು.

ಅಕ್ಕ ಅಚ್ಚಾದ ಹಾಳೆಯನ್ನು ಓದಲಿಲ್ಲ. “ತಮ್ಮ ನೋಡ್ಯಾನ” ಎಂದು ಮಡಚಿ ಪೆಟ್ಟಿಗೆಗೆ ಹಾಕಿದಳು. ಎರಡು ಮಧ್ಯಾಹ್ನ ನಾನೂ ಕುಳಿತು ಮಡಚಿಕೊಟ್ಟೆ. ಮಡಚುವಾಗ ಕೊನೆಯ ಪ್ಯಾರಾ ಬರಬೇಕಿದ್ದ ಜಾಗದಲ್ಲೇ ನನ್ನ ಹೆಬ್ಬೆರಳು ಇರುತ್ತಿತ್ತು.

ಪೆಟ್ಟಿಗೆಗಳು ರಾಣೆಬೆನ್ನೂರಿನ ಒಂದು ಸ್ಟೇಷನರಿ ಅಂಗಡಿಗೆ ಹೋದವು. ಹಾವೇರಿಯಲ್ಲಿ ಎರಡು ಅಂಗಡಿಗೆ, ಗುತ್ತಲದಲ್ಲಿ ಒಂದಕ್ಕೆ. ಆಟದ ಪೆಟ್ಟಿಗೆ ಈ ಕಡೆ ಹೋಗುವ ಸಾಮಾನಲ್ಲ ಎಂದು ಎಲ್ಲರೂ ಹೇಳಿದ್ದರು. ಆದರೆ ಹೋಯಿತು. ಪರೀಕ್ಷೆ ಮುಗಿದು ರಜೆ ಶುರುವಾದ ಮೇಲೆ ರಾಣೆಬೆನ್ನೂರಿನ ಅಂಗಡಿಯವರು ಎರಡು ಸಲ ಫೋನ್ ಮಾಡಿ ಪೆಟ್ಟಿಗೆ ತರಿಸಿಕೊಂಡರು. “ಅಕ್ಕಾರ, ಅರಳೀ ಕಟ್ಟಿ ಮ್ಯಾಲೆ ಇಸ್ಪೀಟ್ ಬಿಟ್ಟು ಇದನ್ನ ಹಚ್ಯಾರ ನೋಡ್ರಿ,” ಎಂದು ಹೇಳಿದರಂತೆ. ಅಕ್ಕ ಆ ಮಾತನ್ನು ನನಗೆ ಮೂರು ಸಲ ಹೇಳಿದಳು. ಕಟ್ಟೆಯ ಮೇಲೆ ಕೂತ ಗಂಡಸರು ಒಬ್ಬರ ರಾಶಿಗೆ ಇನ್ನೊಬ್ಬರು ಹೋಗಿ ಕೂಡುವುದನ್ನು ಅವಳು ಕಲ್ಪಿಸಿಕೊಂಡಿದ್ದಳು.

ಮೇ ತಿಂಗಳಲ್ಲಿ ಕುಪ್ಪೇಲೂರಿನಲ್ಲಿ ಭಾವನ ಸಂಬಂಧಿಕರ ಮನೆಯಲ್ಲಿ ಬಸುರಿಗೆ ಕುಬಸದ ಕಾರ್ಯಕ್ರಮ ಇತ್ತು. ನಾನೂ ಹೋಗಿದ್ದೆ. ಊಟವಾದ ಮೇಲೆ ಪಡಸಾಲೆಯಲ್ಲಿ ಹಾಸು ಬಿಚ್ಚಿದ್ದು ಕಂಡಿತು. ಆಡುತ್ತಿದ್ದವರು ಮನೆಯ ಇಬ್ಬರು ಸೊಸೆಯರು, ಕಾಲೇಜಿಗೆ ಹೋಗುವ ಮಗಳು, ಮತ್ತು ಮನೆಯ ಹಿರಿಯ ಅಜ್ಜಿ. ಅಕ್ಕ ನನ್ನ ತೋಳು ಹಿಡಿದು ನಿಲ್ಲಿಸಿದಳು. ತಾನು ಯಾರು ಎಂದು ಹೇಳದೆ ನೋಡಬೇಕೆಂದು ಅವಳಿಗೆ ಆಸೆ.

ಹುಡುಗಿಯ ರಾಶಿ ಮೊದಲು ಮುಗಿಯಿತು. ಅವಳು ಚಪ್ಪಾಳೆ ಹೊಡೆದು ಎದ್ದು ನಿಂತಳು.

“ಟಂಟಂ ಹೋತು! ಯಮ್ಮಾ, ನೀ ಇನ್ನ ನಡಕೋಂತ ಬಾ!”

“ಹೋಗಲೇ, ಕಾಲು ಇನ್ನ ಗಟ್ಟಿ ಅದಾವು,” ಎಂದಳು ಅಜ್ಜಿ. ಅವಳ ರಾಶಿ ಎಲ್ಲಕ್ಕಿಂತ ದೊಡ್ಡದಿತ್ತು.

“ಗಟ್ಟಿ ಇದ್ರ ಎದ್ದು ಚಹಾ ಮಾಡು. ಕಡೀಗೆ ಉಳದಾರು ಚಹಾ ಮಾಡಬೇಕು,” ಎಂದಳು ಒಬ್ಬ ಸೊಸೆ. ಎಲ್ಲರೂ ನಕ್ಕರು, ಅಜ್ಜಿಯೂ ನಕ್ಕಳು.

ಅಕ್ಕ ಮುಂದೆ ಹೋದಳು. “ಯಾಕ ಎದ್ದೀವಾ? ಕುಂದರು.”

“ನಾ ಗೆದ್ದೇನಲ್ರಿ ಆಂಟಿ.”

“ಇನ್ನೂ ಗೆದ್ದಿಲ್ಲ. ಈಗ ನೀ ಅಜ್ಜಿ ರಾಶಿಗೆ ಹೋಗಿ ಕೂಡಬೇಕು. ಆಟ ಅಲ್ಲಿಂದನ ಶುರು ಆಗೂದು.”

“ಹಂಗಂತ ಯಾರ್ ಹೇಳಿದ್ರಿ?”

“ಈ ಆಟ ಮಾಡಿದಾಕಿನ ನಾನು.”

ಹುಡುಗಿ ನಂಬಲಿಲ್ಲ. ಪೆಟ್ಟಿಗೆಯಿಂದ ಹಾಳೆ ತೆಗೆದು ಕೊಟ್ಟಳು. “ಹಾಳ್ಯಾಗ ಇಲ್ಲಲ್ರಿ ಮತ್ತ.”

ಅಕ್ಕ ಹಾಳೆಯನ್ನು ಮೇಲಿಂದ ಕೆಳಗೆ ಓದಿದಳು. ತಿರುಗಿಸಿ ನೋಡಿದಳು, ಹಿಂಬದಿ ಖಾಲಿ. ಮತ್ತೆ ತಿರುಗಿಸಿ ಓದಿದಳು. ಆಮೇಲೆ ನನ್ನ ಕಡೆ ನೋಡಿದಳು. ಆಗ ನನಗೆ ಪ್ರೆಸ್ಸಿನವರ ಫೋನ್ ನೆನಪಾಯಿತು.

“ಆಂಟಿ, ಈ ಹಳದೀದು ಏನ್ ಮಾಡತೈತ್ರಿ?” ಎಂದು ಇನ್ನೊಬ್ಬ ಸೊಸೆ ಕೇಳಿದಳು. “ಸುಮ್ಮನ ದಂಡೀಗುಂಟ ಹೊಂಟೈತಿ, ಯಾರಿಗೂ ಏನೂ ಮಾಡವಲ್ದು. ನಾವು ಅದನ್ನ ಪೊಲೀಸ್ ಅಂತ ಮಾಡೇವಿ.”

ಅಕ್ಕ ಹಾಳೆಯನ್ನು ಮಡಚಿ ಹುಡುಗಿಗೆ ವಾಪಸ್ ಕೊಟ್ಟಳು. ರಾಣೆಬೆನ್ನೂರಿನ ಬಸ್ ನಿಲ್ದಾಣದಲ್ಲಿ ಇಳಿದ ಮೇಲೆ ಕೇಳಿದಳು.

“ಎಲ್ಲಾ ಬಿಟ್ಟು ಅದನ್ನ ಯಾಕ ತಗದಿ?”

“ಕಡೀಗೆ ಇತ್ತು ಅಕ್ಕಾ.”

“ಆಟ ಮುಗಿಯೂದು ಕಡೀಗೆ ಇರಲಾರದ ಮೊದಲ ಇರತೈತೇನೋ?”

ಹಾವೇರಿ ಬಸ್ಸು ಬಂತು, ನಾನು ಹತ್ತಿದೆ.

ಮರುವಾರ ಆ ಆರು ಸಾಲನ್ನು ಪ್ರತ್ಯೇಕ ಚೀಟಿಯಾಗಿ ಅಚ್ಚು ಹಾಕಿಸಿ ಅಂಗಡಿಗಳಿಗೆ ತಲುಪಿಸಿದೆ. ಉಳಿದ ಪೆಟ್ಟಿಗೆಗಳಿಗೆ ಹಾಕಿ, ಮೊದಲು ಒಯ್ದವರು ಬಂದರೆ ಕೊಡಿ ಎಂದು ಕೇಳಿಕೊಂಡೆ. ಎಲ್ಲರೂ ಆಗಲಿ ಎಂದರು. ಜುಲೈನಲ್ಲಿ ವರದಿಗೆಂದು ಗುತ್ತಲಕ್ಕೆ ಹೋದಾಗ ಆ ಅಂಗಡಿಗೂ ಹೋದೆ. ಚೀಟಿಯ ಕಟ್ಟು ಗಲ್ಲೆಯ ಪಕ್ಕದಲ್ಲೇ ಇತ್ತು. ಮೇಲಿನ ಚೀಟಿಯ ಹಿಂಬದಿಯಲ್ಲಿ ಹಾವೇರಿ ಬಸ್ಸಿನ ವೇಳೆ ಬರೆದುಕೊಂಡಿದ್ದರು.

“ಕೊಟ್ಟೇನ್ರಿ ನಾಲ್ಕ ಮಂದಿಗೆ,” ಎಂದರು ಅಂಗಡಿಯವರು. “ಒಬ್ಬರು ಓದಿ ವಾಪಸ್ ಕೊಟ್ರು. ಮೊದಲಿಂದ ಚಲೋ ಐತಿ, ಇದನ್ಯಾಕ ಕೆಡಸತೀರಿ ಅಂದ್ರು.”

ಪತ್ರಿಕೆಯಲ್ಲಿ ತಪ್ಪಾದರೆ ಒಳಪುಟದ ಮೂಲೆಯಲ್ಲಿ ತಿದ್ದುಪಡಿ ಹಾಕುತ್ತೇವೆ. ತಪ್ಪನ್ನು ಓದಿದವರಲ್ಲಿ ಎಷ್ಟು ಜನ ತಿದ್ದುಪಡಿಯನ್ನೂ ಓದುತ್ತಾರೆ ಎಂದು ನಾವು ಯಾರೂ ವಿಚಾರಿಸುವುದಿಲ್ಲ. ತಿದ್ದುಪಡಿ ಹಾಕುವುದರಲ್ಲಿಗೆ ನಮ್ಮ ಕೆಲಸ ಮುಗಿಯುತ್ತದೆ. ಇಲ್ಲಿ ಮುಗಿಯಲಿಲ್ಲ, ಏಕೆಂದರೆ ಅಕ್ಕ ವಾರಕ್ಕೊಮ್ಮೆ ಫೋನ್ ಮಾಡಿ “ಯಾರರ ಸರಿಯಾಗಿ ಆಡಿದ್ದು ಕೇಳಿದಿ?” ಎನ್ನುತ್ತಿದ್ದಳು. ನಾನು ಇಲ್ಲ ಎನ್ನುತ್ತಿದ್ದೆ.

2020ರಲ್ಲಿ ಲಾಕ್‌ಡೌನ್ ಬಂತು. ಮನೆಯಲ್ಲಿ ಕೂತವರು ಆಟ ಹುಡುಕಿದರು. ಸಡಿಲವಾದ ಕೂಡಲೇ ಅಂಗಡಿಯವರು ಎರಡನೇ ಮುದ್ರಣಕ್ಕೆ ಒತ್ತಾಯ ಮಾಡಿದರು. ಅಕ್ಕ ಹಾಳೆಯನ್ನು ಎರಡೂ ಮಗ್ಗಲು ಅಚ್ಚು ಹಾಕಿಸಿದಳು. ಆರು ಸಾಲನ್ನು ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ, ಸುತ್ತಲೂ ಗೆರೆ ಹಾಕಿಸಿ ಕೊಟ್ಟಳು. ಕರಡನ್ನು ನಾನು ನಾಲ್ಕು ಸಲ ಓದಿದೆ. ಒಂದಕ್ಷರ ತಪ್ಪಿರಲಿಲ್ಲ.

ಪ್ರಯೋಜನವಾಗಲಿಲ್ಲ. ಹೊಸ ಪೆಟ್ಟಿಗೆ ಕೊಂಡವರಿಗೆ ಆಟ ಆಗಲೇ ಗೊತ್ತಿತ್ತು. ಪಕ್ಕದ ಮನೆಯಲ್ಲೋ ಸಂಬಂಧಿಕರಲ್ಲೋ ಆಡಿ ಕಲಿತೇ ಕೊಂಡಿದ್ದರು. ಹಾಳೆಯನ್ನು ಬಿಚ್ಚುವವರೇ ಇರಲಿಲ್ಲ. ಹಾವೇರಿಯ ಒಂದು ಮನೆಯಲ್ಲಿ ಹಾಳೆಯನ್ನು ಮಡಿಕೆ ಸಮೇತ ಪೆಟ್ಟಿಗೆಯ ತಳಕ್ಕೆ ಹಾಕಿ ಮೇಲೆ ಕಾಯಿ ಸುರಿದಿದ್ದನ್ನು ನೋಡಿದೆ. ಅಷ್ಟರಲ್ಲಿ ಕೊನೆಗೆ ಉಳಿದವರು ಚಹಾ ಮಾಡಬೇಕು ಎಂಬುದು ಕುಪ್ಪೇಲೂರಿನಲ್ಲಿ ಮಾತ್ರ ಇರಲಿಲ್ಲ. ರಾಣೆಬೆನ್ನೂರಿನ ಕಟ್ಟೆಯಲ್ಲಿ ಎಲ್ಲರಿಗೂ ಗಿರಮಿಟ್ ತಿನ್ನಿಸಬೇಕಿತ್ತು. “ಟಂಟಂ ಹೋತಲೇ” ಎನ್ನುವುದು ಎಲ್ಲ ಊರಿನಲ್ಲೂ ಇತ್ತು. ಅದನ್ನು ಯಾರು ಮೊದಲು ಹೇಳಿದರೋ ಗೊತ್ತಾಗಲಿಲ್ಲ.

ಮೇಡ್ಲೇರಿಯ ಕಡೆಯ ಒಬ್ಬ ಶಿಕ್ಷಕರು ಒಮ್ಮೆ ಫೋನ್ ಮಾಡಿದರು. ಹಾಳೆಯಲ್ಲಿದ್ದ ಹಾಗೆಯೇ ಮಕ್ಕಳಿಗೆ ಆಡಿಸುತ್ತಿದ್ದೇನೆ, ಬಂದು ನೋಡಿ ಎಂದರು. ಅಕ್ಕ ಅಂದೇ ಹೊರಟಳು, ನಾನೂ ಜೊತೆಗೆ ಹೋದೆ. ಮಕ್ಕಳು ನಿಯಮದ ಪ್ರಕಾರವೇ ಆಡಿದರು. ಮುಗಿಸಿದ ಮಗು ಎದ್ದು ಇನ್ನೊಂದರ ಪಕ್ಕ ಕೂತಿತು. ಅಕ್ಕನ ಕಣ್ಣು ಒದ್ದೆಯಾಯಿತು. ಅಷ್ಟರಲ್ಲಿ ಶಿಕ್ಷಕರಿಗೆ ಫೋನ್ ಬಂದು ಹೊರಗೆ ಹೋದರು. ಪಕ್ಕ ಕೂತ ಹುಡುಗಿ ಕವಡಿ ಕೆಳಗಿಟ್ಟು ಅಕ್ಕನನ್ನು ಕೇಳಿದಳು: “ಸರ್ ಹೋಗ್ಯಾರ, ಈಗ ಖರೇ ಆಟ ಆಡೂನೇನ್ರಿ?”

2022ರ ಸುಗ್ಗಿಯಲ್ಲಿ ಅಕ್ಕ ಕೊನೆಯ ಪ್ರಯತ್ನವಾಗಿ ಪೆಟ್ಟಿಗೆಯನ್ನು ಗೋದಾಮಿಗೆ ತೆಗೆದುಕೊಂಡು ಹೋದಳು. ಬೇರೆ ಯಾರಿಗೆ ತಿಳಿಯದಿದ್ದರೂ ಅವರಿಗೆ ತಿಳಿಯುತ್ತದೆ ಎಂದು ಅವಳ ಎಣಿಕೆ. ಅವರು ಆಡಿದ್ದನ್ನು ಫೋನಿನಲ್ಲಿ ಚಿತ್ರೀಕರಿಸಿ ಅಂಗಡಿಯವರಿಗೆಲ್ಲ ಕಳಿಸಬೇಕು ಎಂದು ನನ್ನನ್ನು ಕರೆಸಿದ್ದಳು. ಮಧ್ಯಾಹ್ನದ ಊಟ ಮುಗಿಸಿ ಹೆಣ್ಣುಮಕ್ಕಳು ಗೋದಾಮಿನ ಬಾಗಿಲ ಬಳಿ ಗಾಳಿಗೆ ಕೂತಿದ್ದರು. ಹೆಚ್ಚಿನವರು ಹೊಸಬರು. ಅಕ್ಕನ ಮೊದಲ ವರ್ಷದಲ್ಲಿ ಇದ್ದವರು ಇಬ್ಬರೇ. ಮೆಣಸಿನಕಾಯಿಯ ಘಾಟಿಗೆ ನಾನು ಸೀನುತ್ತಲೇ ಇದ್ದೆ. ಅವರು ಅದಕ್ಕೂ ನಕ್ಕರು.

ನಾಲ್ವರು ಆಡಿದರು. ಅಕ್ಕ ಪಕ್ಕದಲ್ಲಿ ನಿಂತು ಹೇಳಿದ ಹಾಗೆ ಕೊನೆಯವರೆಗೆ ಆಡಿದರು. ಸೂರ್ಯ ಮುಳುಗುವ ಮೊದಲೇ ನಾಲ್ವರೂ ಒಟ್ಟಿಗೆ ಎದ್ದರು.

“ಆತ್ರೀ? ಯಾರು ಗೆದ್ದಂಗಾತು?” ಎಂದು ಒಬ್ಬಳು ಕೇಳಿದಳು.

“ಎಲ್ಲಾರೂ ಗೆದ್ರಿ.”

“ಎಲ್ಲಾರೂ ಗೆದ್ದ ಮ್ಯಾಲೆ ಯಾರನ್ನ ಕಾಡಸೂದ್ರಿ ಅಕ್ಕಾರ?”

ಅಕ್ಕ ಹಳೆಯ ಇಬ್ಬರಲ್ಲಿ ಹಿರಿಯವಳ ಕಡೆ ತಿರುಗಿದಳು. “ನೀನರ ಹೇಳಬೇ. ಅವತ್ತ ನೀವೆಲ್ಲಾ ನನ್ನ ರಾಶಿಗೆ ಬಂದು ಕುಂತಿದ್ರಲಾ? ನನ್ನ ಒಬ್ಬಾಕಿನ ಬಿಟ್ಟು ಏಳಲಿಲ್ಲಲಾ?”

ಆಕೆಗೆ ತಟ್ಟನೆ ನೆನಪಾಯಿತು. ತೊಡೆ ತಟ್ಟಿ ನಕ್ಕಳು.

“ಏಳೂದು ಹೆಂಗ್ರೀ ಯವ್ವಾ! ಸಾವಕಾರ್ರ ಸೊಸಿ ರಾಶಿ ಮುಂದ ಕುಂತೈತಿ. ನಿಮ್ಮನ್ನ ಬಿಟ್ಟು ಎದ್ರ ನಾಳಿಗೆ ಕೆಲಸಕ್ಕ ಬಾ ಅಂತಿದ್ರೇನು? ಟಂಟಂದಾವ ಹೊರಗ ಹಾರ್ನ್ ಹೊಡದು ಹೊಡದು ಸಾಕಾಗಿದ್ದ. ಈ ಹುಡುಗಿ ಯಾವಾಗ ಎದ್ದೀತು ಅಂತ ನಾವು ಒಳಗೊಳಗ ಬೈಕೋಂತ ಬಿಡಿಸೇವಿ ನೋಡ್ರಿ.”

“ನಿಮ್ಮ ನಿಮ್ಮೊಳಗ? ಒಬ್ರ ರಾಶಿಗೆ ಒಬ್ರು ಕೂಡತಿದ್ದಿಲ್ಲೇನು?”

“ಯಾವಾಗರ ಒಮ್ಮೆ ಕೂಡತಿದ್ವಿ, ಗಾಡಿ ಒಂದ ಇತ್ತಲ್ರಿ. ಕೂಡಲಿಲ್ಲಂದ್ರ ಹಿಂದ ಉಳದಾಕಿ ಸಲುವಾಗಿ ಎಲ್ಲಾರೂ ತಡಾ. ಈಗೆಲ್ಲಿ? ಇವರ ಗಂಡಂದ್ರು ಬೈಕ್ ತಗೊಂಡು ಬರತಾರ. ಯಾರ ಕೆಲಸ ಮುಗೀತು ಅವರು ಹೊಕ್ಕಾರ.”

ಕಿರಿಯವಳೊಬ್ಬಳು ತನ್ನ ಗಂಡನ ಬೈಕಿನ ವಿಷಯ ಏನೋ ಹೇಳಿದಳು, ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ಎಲ್ಲರಿಗೂ ಚಹಾ ತರಿಸಿದಳು. ನನ್ನ ಫೋನಿನಲ್ಲಿ ಇದೆಲ್ಲ ದಾಖಲಾಗಿತ್ತು. ಏನು ಮಾಡಲಿ ಎಂದು ಕೇಳಿದಾಗ, “ಇರಲಿ ಬಿಡು” ಎಂದಳು. ಚಹಾ ಕುಡಿದು ಅವರು ಒಳಗೆ ಹೋಗುವಾಗ ಒಬ್ಬಳು ಹಾಸು, ಕಾಯಿಗಳನ್ನು ಇಲ್ಲೇ ಬಿಟ್ಟು ಹೋಗಲು ಸಾಧ್ಯವೇ ಎಂದು ಕೇಳಿದಳು. ಅಕ್ಕ ಕೊಟ್ಟಳು. ನಾನು ಬಸ್ಸಿಗೆ ಹೊರಡುವ ಹೊತ್ತಿಗೆ ಗೋದಾಮಿನ ಒಳಗಿಂದ “ಟಂಟಂ ಹೋತು” ಎಂದು ಯಾರೋ ಕೂಗಿದ್ದು ಕೇಳಿಸಿತು. ಅದನ್ನು ಅವರಿಗೆ ಅಕ್ಕ ಹೇಳಿಕೊಟ್ಟಿರಲಿಲ್ಲ.

ಅದಾದ ಮೇಲೆ ಅಕ್ಕ ಫೋನ್ ಮಾಡಿದಾಗ ಆಟದ ವಿಷಯ ತೆಗೆಯುತ್ತಿರಲಿಲ್ಲ. ನಾನು ತೆಗೆದರೆ ಮಕ್ಕಳ ಪರೀಕ್ಷೆ, ಅವ್ವನ ಮೊಣಕಾಲು ಎಂದು ಮಾತು ತಿರುಗಿಸುತ್ತಿದ್ದಳು. ನಾನು ಒಮ್ಮೆ, “ಆ ಹಾಳಿ ನಾ ಕಡದಿರಲಿಲ್ಲ ಅಂದ್ರ ಹಿಂಗಾಗತಿರಲಿಲ್ಲ ಅಕ್ಕಾ,” ಎಂದೆ. “ಗೊತ್ತಿಲ್ಲ ತಮ್ಮಾ,” ಎಂದಳು. ಕ್ಷಮಿಸಿದ್ದೇನೆ ಎಂದಿದ್ದರೆ ಅಥವಾ ಬೈದಿದ್ದರೆ ನನಗೆ ಒಂದು ದಾರಿ ಸಿಗುತ್ತಿತ್ತು.

ಕಳೆದ ತಿಂಗಳು ಮೂರನೇ ಮುದ್ರಣದ ಹಾಳೆಯ ಕರಡನ್ನು ಅವಳು ವಾಟ್ಸ್ಯಾಪಿನಲ್ಲಿ ಕಳಿಸಿದಳು. ಈ ಸಲ ತಾನೇ ಟೈಪ್ ಮಾಡಿಸಿದ್ದಳು. ಗೆರೆ ಹಾಕಿದ ಆರು ಸಾಲು ಇರಲಿಲ್ಲ. ಆ ಜಾಗದಲ್ಲಿ ಒಂದು ಸಾಲು ಇತ್ತು: ‘ಯಾರ ರಾಶಿ ಮೊದಲು ಮುಗಿಯುತ್ತದೋ ಅವರು ಗೆದ್ದಂತೆ.’

ನಾನು ಫೋನ್ ಮಾಡಿದೆ. “ಅಕ್ಕಾ, ಇದು ಖರೇನ?”

“ತಪ್ಪು ಏನರ ಅದಾವೇನು ಅಷ್ಟು ನೋಡಿ ಹೇಳು.”

“ಇನ್ನೊಮ್ಮೆ ವಿಚಾರ ಮಾಡು.”

“ಪ್ರೆಸ್ಸಿನವರು ಕಾಯಾಕತ್ಯಾರ.”

ಎರಡು ಸಲ ಓದಿದೆ. ಐದನೇ ನಿಯಮದಲ್ಲಿ ‘ಕವಡಿ’ ಎಂಬುದು ‘ಕವಿಡ’ ಎಂದಾಗಿತ್ತು. ಹೇಳಿದೆ. ಅವಳು ತಿದ್ದಿಸಿದಳು. ಹೋದ ಗುರುವಾರ ಹಾಳೆ ಒಂದೇ ಮಗ್ಗಲಿಗೆ ಅಚ್ಚಾಯಿತು. ಶನಿವಾರ ಪೆಟ್ಟಿಗೆಗಳು ರಾಣೆಬೆನ್ನೂರಿಗೆ ಹೋದವು.